ಮೀಟರಮ್ಮ ನಡೆದು ಬಿಡಿಸಿದ ಬೂಟು

ಇಪ್ಪತ್ತಾರು ವರ್ಷ ಮನೆಮನೆಯ ನೀರಿನ ಮೀಟರ್ ಓದಿದವಳನ್ನು ಜನ ಇನ್ನೇನೆಂದು ಕರೆದಾರು? ಮೀಟರಮ್ಮ ಎಂದೇ ಕರೆದರು. ಅವಳಿಗೂ ಒಂದು ಹೆಸರಿತ್ತು, ಆದರೆ ಅದು ಸಂಬಳದ ಚೀಟಿ ಬಿಟ್ಟು ಬೇರೆಲ್ಲೂ ಕೆಲಸಕ್ಕೆ ಬರುತ್ತಿರಲಿಲ್ಲ. ಬೀಗದ ಕೈ ಮಾಡುವ ಪುಟ್ಟ ಅಂಗಡಿ ಇಟ್ಟುಕೊಂಡಿದ್ದ ಗಂಡ ಕೂಡ ಸಂಜೆ ಮನೆಗೆ ಬಂದವನೇ, "ಮೀಟರಮ್ಮ ಬಂದಾಯ್ತಾ?" ಎಂದು ಕೇಳುತ್ತಿದ್ದ.

ಕೆಲಸ ಸುಲಭದ್ದು ಎಂದು ನೋಡಿದವರಿಗೆ ಅನ್ನಿಸೀತು. ಗೇಟಿನ ಚಿಲಕ ತೆಗೆ, "ಮೀಟರ್!" ಎಂದು ಬೀದಿಗೆಲ್ಲ ಕೇಳುವಂತೆ ಕೂಗು, ಕಾಂಪೌಂಡಿನ ಪಕ್ಕಕ್ಕೆ ಹೋಗಿ ಗುಂಡಿಯ ಕಬ್ಬಿಣದ ಮುಚ್ಚಳವನ್ನು ಕೊಕ್ಕೆಯಿಂದ ಎತ್ತು, ಬಗ್ಗಿ ಮೀಟರಿನ ಗಾಜು ಒರೆಸಿ ಅಂಕಿ ನೋಡು, ಬರೆದುಕೋ, ಮುಂದಿನ ಮನೆಗೆ ನಡೆ. ದಿನಕ್ಕೆ ನೂರಿಪ್ಪತ್ತು ಸಲ ಹೀಗೆ ಮಾಡಿ ನೋಡಿದರೆ ಸೊಂಟ ಏನೆನ್ನುತ್ತದೆ ಎಂಬುದು ಗೊತ್ತಾಗುತ್ತದೆ. ಮೀಟರಮ್ಮನ ಸೊಂಟ ಇಪ್ಪತ್ತಾರು ವರ್ಷ ತುಟಿ ಪಿಟಕ್ಕೆನ್ನಲಿಲ್ಲ. ಅವಳ ಬಾಯಿ ಮಾತ್ರ ಒಂದು ದಿನವೂ ಸುಮ್ಮನಿದ್ದದ್ದಿಲ್ಲ. ಮುಚ್ಚಳದ ಮೇಲೆ ಹೂವಿನ ಕುಂಡ ಇಟ್ಟವರಿಗೆ, ನಾಯಿ ಕಟ್ಟದವರಿಗೆ, ಗೇಟಿಗೆ ಒಳಗಿನಿಂದ ಬೀಗ ಹಾಕಿ ನಿದ್ದೆ ಹೊಡೆಯುವವರಿಗೆ ಬೈದು ಬೈದು ಅದಕ್ಕೆ ಒಳ್ಳೆಯ ಅಭ್ಯಾಸವಾಗಿತ್ತು.

ಆ ಬಾಯಿಗೆ ಮನೆಯಲ್ಲಿ ಸಿಕ್ಕವಳು ಸೊಸೆ.

ಸೊಸೆ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದಳು. ಮಿತವಾದ ಮಾತು, ಮುಖದಲ್ಲಿ ಸದಾ ಒಂದು ಸಣ್ಣ ನಗು. ಅವಳಿಗಿದ್ದ ಒಂದೇ ಹುಚ್ಚು ಓಟ. ಬೆಳಗ್ಗೆ ಎದ್ದವಳೇ ಬೂಟು ಕಟ್ಟಿಕೊಂಡು ಊರು ಸುತ್ತಲು ಹೊರಡುತ್ತಿದ್ದಳು. ಬರಿ ಓಟವಾಗಿದ್ದರೆ ಅತ್ತೆ ಸಹಿಸಿಕೊಳ್ಳುತ್ತಿದ್ದಳೋ ಏನೋ. ಈಕೆ ಓಡಿ ಚಿತ್ರ ಬಿಡಿಸುತ್ತಿದ್ದಳು. ಅವಳ ಫೋನಿನಲ್ಲೊಂದು ಆಪ್ ಇತ್ತು. ಎಲ್ಲೆಲ್ಲಿ ಕಾಲಿಟ್ಟಳೋ ಅದನ್ನೆಲ್ಲ ಜಿಪಿಎಸ್ ಹಿಡಿದು, ನಕ್ಷೆಯ ಮೇಲೆ ಕೆಂಪು ಗೆರೆಯೊಂದನ್ನು ಎಳೆಯುತ್ತ ಹೋಗುತ್ತಿತ್ತು. ಸುಮ್ಮನೆ ಓಡಿದರೆ ಸುಮ್ಮನೆ ಒಂದು ಗೆರೆ. ಯಾವ ಬೀದಿಯಲ್ಲಿ ತಿರುಗಬೇಕು, ಯಾವ ಓಣಿಗೆ ನುಗ್ಗಿ ಹಾಗೇ ವಾಪಸ್ ಬರಬೇಕು ಎಂದು ಮೊದಲೇ ಗೊತ್ತು ಮಾಡಿಕೊಂಡು ಓಡಿದರೆ ಆನೆ, ಮೀನು, ಕೊಡೆ.

ಮೊದಲ ಸಲ ಆನೆ ತೋರಿಸಿದಾಗ ಮೀಟರಮ್ಮ ಕನ್ನಡಕ ಏರಿಸಿ ನೋಡಿ ಮೂಗು ಮುರಿದಿದ್ದಳು. "ಹನ್ನೆರಡು ಕಿಲೋಮೀಟರ್ ಓಡಿ ಆನೆ ತಂದಳಂತೆ. ಹಾಗೇ ಬರ್ತಾ ಅರ್ಧ ಕೆ.ಜಿ. ಟೊಮೇಟೊ ತರೋಕಾಗಲಿಲ್ವಾ?"

ಸೊಸೆ ನಕ್ಕುಬಿಟ್ಟಳು. ಮರುದಿನ ಓಟ ಮುಗಿಸಿ ಬರುವಾಗ ಟೊಮೇಟೊ ತಂದಳು. ಅತ್ತೆ ಅದಕ್ಕೂ, "ಎಲ್ಲಾ ಜಜ್ಜಿಹೋಗಿದೆ, ಓಡಿಸಿಕೊಂಡು ಬಂದಿದ್ದೀಯ," ಎಂದಳು. ಇಂಥವಳ ಜೊತೆ ಹೇಗಪ್ಪಾ ಬಾಳುವುದು ಎಂದು ನಿಮಗೆ ಅನ್ನಿಸಿದರೆ ತಪ್ಪಲ್ಲ.

ಹೀಗಿರುವಾಗ ಮೀಟರಮ್ಮ ಬಿದ್ದಳು. ಒಂದು ಮನೆಯ ಗುಂಡಿಯ ಮುಚ್ಚಳ ಒಡೆದಿತ್ತು. ಮನೆಯವರು ಹೊಸದು ಹಾಕಿಸುವ ಬದಲು ಗುಂಡಿಯ ಮೇಲೆ ರಟ್ಟು ಹಾಸಿ, ರಟ್ಟು ಚೆನ್ನಾಗಿ ಕಾಣಲಿ ಎಂದು ಅದರ ಮೇಲೊಂದು ಕಾಲೊರಸು ಹಾಸಿದ್ದರು. ಎಂಥ ಬುದ್ಧಿವಂತರು ನೋಡಿ! ಕಾಲೊರಸಿನ ಮೇಲೆ ಕಾಲಿಟ್ಟ ಮೀಟರಮ್ಮನ ಬಲ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಒಳಗೆ ಸ್ಟೀಲಿನ ಸರಳು ಕೂರಿಸಿದರು. ಹನ್ನೆರಡು ದಿನ ಕಳೆದ ಮೇಲೆ, "ಮೂಳೆ ಕೂಡಿಕೊಳ್ಳುತ್ತೆ, ನಡೆಸಿ," ಎಂದು ಹೇಳಿ ಮನೆಗೆ ಕಳಿಸಿದರು.

ಆದರೆ ನಡೆಯುವವರು ಯಾರು? ಮೀಟರಮ್ಮ ಮಂಚ ಬಿಟ್ಟು ಏಳಲೇ ಇಲ್ಲ. ಕಾಲು ನೆಲಕ್ಕೆ ತಾಗಿದರೆ ಸಾಕು, ನೆಲ ಒಳಗೆ ಕುಸಿಯುತ್ತದೆ ಎಂದು ಹೆದರಿ ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳು. ಬೈಯುವುದನ್ನೂ ನಿಲ್ಲಿಸಿದಳು. ಆಗ ಮನೆಯವರಿಗೆ ನಿಜವಾಗಿ ಭಯವಾಯಿತು.

ಮಗ ಲಿಫ್ಟ್ ರಿಪೇರಿಯವನು. ಊರಿನ ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಅವನಿಗೆ ಫೋನು ಬರುತ್ತಿತ್ತು, ಹೊತ್ತುಗೊತ್ತಿಲ್ಲ. ಗಂಡನಿಗೆ ಹೆಂಡತಿಯ ಮುಖ ನೋಡಿದರೆ ಕಣ್ಣು ತುಂಬಿ ಬರುತ್ತಿತ್ತು, ಅವನಿಂದ ಬೇರೇನೂ ಆಗುತ್ತಿರಲಿಲ್ಲ. ಉಳಿದವಳು ಸೊಸೆ. ಅವಳು ಲ್ಯಾಬಿನವರನ್ನು ಕೇಳಿಕೊಂಡು ಅರ್ಧ ದಿನದ ಪಾಳಿಗೆ ಬದಲಾದಳು. ವರ್ಷವಿಡೀ ತಯಾರಿ ಮಾಡಿಕೊಂಡಿದ್ದ ಊರಿನ ದೊಡ್ಡ ಓಟ ಇನ್ನು ಎರಡೇ ವಾರ ಇತ್ತು. ಎದೆಗೆ ಚುಚ್ಚಿಕೊಳ್ಳುವ ನಂಬರೂ ಬಂದಿತ್ತು. ಅದನ್ನು ವಾಪಸ್ ಮಾಡಿ ಬಂದಳು. ಬೂಟನ್ನು ಒರೆಸಿ ಡಬ್ಬಿಗೆ ಹಾಕಿ ಮಂಚದ ಕೆಳಗೆ ತಳ್ಳಿದಳು. ಅತ್ತೆಯ ಮೈ ತೊಳೆದಳು, ತಲೆ ಬಾಚಿದಳು, ಮಲ ಮೂತ್ರದ ಬೇಸಿನ್ ಎತ್ತಿದಳು. ಒಂದು ಸಲವೂ ಮುಖ ಸಿಂಡರಿಸಲಿಲ್ಲ.

ಎರಡು ತಿಂಗಳಾದರೂ ಅತ್ತೆ ವಾಕರ್ ಹಿಡಿದು ಬಾಗಿಲವರೆಗೆ ಬಂದು ವಾಪಸ್ ಹೋಗುವುದು ಬಿಟ್ಟರೆ ಮುಂದೆ ಹೆಜ್ಜೆ ಇಡಲಿಲ್ಲ. ಸೊಸೆ ಗೋಗರೆದು ನೋಡಿದಳು, ಹೆದರಿಸಿ ನೋಡಿದಳು. ಕೊನೆಗೆ ಒಂದು ಉಪಾಯ ಹೂಡಿದಳು. ಅತ್ತೆಯ ಫೋನಿಗೆ ಅದೇ ಆಪ್ ಹಾಕಿ, ಅವಳ ಕೈ ಹಿಡಿದು, ಮನೆಯಿಂದ ಹಾಲಿನ ಅಂಗಡಿಯವರೆಗೂ ಹೇಗೋ ನಡೆಸಿಕೊಂಡು ಹೋಗಿ ಬಂದಳು. ಆಮೇಲೆ ಪರದೆ ತೋರಿಸಿದಳು.

"ಏನಿದು? ಒಂದು ಕಡ್ಡಿ," ಎಂದಳು ಮೀಟರಮ್ಮ.

"ಕಡ್ಡಿ ಅಲ್ಲ ಅತ್ತೆ. ಕುರ್ಚಿಯ ಒಂದು ಕಾಲು. ಇನ್ನು ಮೂರು ಕಾಲು, ಕೂರೋ ಜಾಗ, ಒರಗೋ ಜಾಗ ಬಾಕಿ ಇದೆ. ನಿಮಗೆ ಆಗಲ್ಲ ಅಂದ್ರೆ ಬಿಡಿ, ಹಾಗೇ ಇರಲಿ."

ಇದು ಸೊಸೆ ಹಾಕಿದ ಗಾಳ. ಇಪ್ಪತ್ತಾರು ವರ್ಷದಲ್ಲಿ ಮೀಟರಮ್ಮ ಒಂದು ಬೀದಿಯನ್ನೂ ಅರ್ಧಕ್ಕೆ ಬಿಟ್ಟು ಬಂದವಳಲ್ಲ. ಮಧ್ಯಾಹ್ನವೆಲ್ಲ ಆ ಒಂಟಿ ಕಾಲು ಅವಳ ತಲೆ ತಿನ್ನಿತು. ಸಂಜೆ ತಾನೇ ವಾಕರ್ ಎಳೆದುಕೊಂಡು, "ಎಲ್ಲಿದ್ದೀಯೇ, ಆ ಎರಡನೇ ಕಾಲು ಎಲ್ಲಿ ಬರುತ್ತೆ?" ಎಂದು ಕೇಳಿದಳು. ಅಡುಗೆಮನೆಯಲ್ಲಿದ್ದ ಸೊಸೆ ಗ್ಯಾಸ್ ಆರಿಸಿ ಓಡಿಬಂದಳು.

ಕುರ್ಚಿ ಮುಗಿಯಲು ಒಂಬತ್ತು ದಿನ ಬೇಕಾಯಿತು. ಒಂದು ಕಾಲು ಗಿಡ್ಡವಾಗಿ, ಕೂತವರು ಬೀಳುವುದು ಗ್ಯಾರಂಟಿ ಎನ್ನುವಂತಿತ್ತು. ಆಮೇಲೆ ಕೊಡೆ, ಆಮೇಲೆ ಬಕೆಟ್ಟು, ಆಮೇಲೆ ಬಾಲವಿಲ್ಲದ ಬೆಕ್ಕು. ವಾಕರ್ ಹೋಗಿ ಕೋಲು ಬಂತು, ಕೋಲು ಹೋಗಿ ಸೊಸೆಯ ತೋಳು ಬಂತು. ನಡೆಯುವಾಗ ಸೊಸೆಯದು ಒಂದೇ ಕಟ್ಟುನಿಟ್ಟು: "ಫೋನ್ ಚೀಲದಲ್ಲಿರಲಿ, ಕಣ್ಣು ನೆಲದ ಮೇಲಿರಲಿ. ಚಿತ್ರ ಮನೆಗೆ ಬಂದ ಮೇಲೆ ನೋಡೋಣ." ಸೊಸೆ ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ, ಊರಿಗೆಲ್ಲ ಬೈದವಳು ಈಗ ಹೇಳಿದಂತೆ ಕೇಳಿಕೊಂಡು ನಡೆದಳು. ಬೈಗುಳವೂ ವಾಪಸ್ ಬಂತು. ಮೊದಲ ಬೈಗುಳ ಬಿದ್ದ ದಿನ ಗಂಡ ಅಂಗಡಿ ಬೇಗ ಮುಚ್ಚಿ ಬಿಸ್ಕತ್ತು ತಂದ.

ಎಂಟನೇ ತಿಂಗಳಿಗೆ ಮೀಟರಮ್ಮ ಸೊಸೆಯ ಜೊತೆ ನಾಲ್ಕು ಕಿಲೋಮೀಟರ್ ನಡೆಯುತ್ತಿದ್ದಳು. ಸೊಸೆ ಸೋಮವಾರದಿಂದ ಪೂರ್ತಿ ಪಾಳಿಗೆ ವಾಪಸ್ ಹೋಗುವುದೆಂದು ನಿಗದಿಯಾಯಿತು. ಬೆಳಗ್ಗೆ ಹೋದರೆ ಸಂಜೆ ಬರುವುದು. ಜೊತೆಯಾಗಿ ನಡೆಯುವುದು ಅಲ್ಲಿಗೆ ಮುಗಿಯಿತು.

ಅದನ್ನು ಕೇಳಿದಾಗಿನಿಂದ ಮೀಟರಮ್ಮನಿಗೆ ಒಂದೇ ಸಂಕಟ. ಈ ಹುಡುಗಿಗೆ ತಾನು ಏನೂ ಹೇಳಿಲ್ಲ. ಎಂಟು ತಿಂಗಳಲ್ಲಿ ಒಂದು ಒಳ್ಳೆಯ ಮಾತಿಲ್ಲ. ಮನಸ್ಸಿನಲ್ಲಿ ಇರಲಿಲ್ಲವೆಂದಲ್ಲ, ಗಂಟಲವರೆಗೂ ಬರುತ್ತಿತ್ತು. ಆ ಮನೆಯಲ್ಲಿ ಯಾರೂ ಯಾರಿಗೂ ಅಂಥ ಮಾತು ಹೇಳಿದವರಲ್ಲ, ಹೇಳಿದರೆ ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಗುರುವಾರ ಸೊಸೆ ಅತ್ತೆ ಮಾವನಿಗೆ ಟೀ ತಂದುಕೊಟ್ಟಾಗ ಮೀಟರಮ್ಮ ಧೈರ್ಯ ಮಾಡಿದಳು. ಲೋಟ ಕೆಳಗಿಟ್ಟಳು, ಗಂಟಲು ಸರಿಮಾಡಿಕೊಂಡಳು, ಸೊಸೆಯ ಮುಖ ನೋಡಿದಳು.

"ಸಕ್ಕರೆ ಕಮ್ಮಿ ಆಗಿದೆ," ಎಂದಳು.

ಸೊಸೆ ಸಕ್ಕರೆ ತಂದಳು. ಮೀಟರಮ್ಮ ಆ ಸಿಹಿ ಟೀ ಕುಡಿಯುತ್ತ ತನ್ನ ಬಾಯಿಗೆ ತಾನೇ ಶಾಪ ಹಾಕಿದಳು. ಬಾಯಿಂದ ಆಗದ್ದು ಕಾಲಿಂದ ಆದೀತು ಎಂದು ಅವಳಿಗೆ ಹೊಳೆದದ್ದು ಆಗಲೇ. ಸೋಮವಾರದೊಳಗೆ ಸೊಸೆಗಾಗಿ ಒಂದು ಚಿತ್ರ ನಡೆದು ಕೊಡಬೇಕು. ಯಾರ ತೋಳೂ ಹಿಡಿಯದೆ, ಯಾರೂ ಎಡ ಬಲ ಹೇಳದೆ. ಏನು ಚಿತ್ರ ಎಂದು ಯೋಚಿಸುವ ಪ್ರಮೇಯವೇ ಬರಲಿಲ್ಲ. ಮಂಚದ ಕೆಳಗೆ ಹೋದ ಆ ಬೂಟು.

ಶುಕ್ರವಾರ ಸೊಸೆ ಲ್ಯಾಬಿಗೆ ಹೋದ ಮೇಲೆ ಗಂಡನನ್ನು ಕೂರಿಸಿಕೊಂಡು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬೀದಿಗಳನ್ನು ಎಳೆದಳು. ಅವಳಿಗೆ ನಕ್ಷೆ ನೋಡುವ ಅಗತ್ಯವೇನಿತ್ತು? ಅದೆಲ್ಲ ಅವಳ ಮೀಟರಿನ ಬೀದಿಗಳೇ. ಬಸ್ ಡಿಪೋ ರಸ್ತೆ ನೇರಕ್ಕಿದೆ, ಅದು ಬೂಟಿನ ಅಡಿ. ಓವರ್‌ಹೆಡ್ ಟ್ಯಾಂಕಿನ ಬೀದಿ ಹಿಮ್ಮಡಿ. ಆಟದ ಮೈದಾನವನ್ನು ಬಳಸಿ ಹೋದರೆ ಮುಂದಿನ ದುಂಡು. ಮೋರಿಯ ಪಕ್ಕದ ಓರೆ ರಸ್ತೆ ಪಾದದ ಇಳಿಜಾರು. ಅದಕ್ಕೆ ಅಡ್ಡಲಾಗಿ ಮೂರು ಓಣಿಗಳಿವೆ, ಒಳಗೆ ಹೋಗಿ ಹಾಗೇ ವಾಪಸ್ ಬಂದರೆ ಮೂರು ದಾರ.

"ಎಷ್ಟು ದೂರ ಆಗುತ್ತೆ?" ಎಂದು ಗಂಡ ಕೇಳಿದ.

"ಆರೂವರೆ ಕಿಲೋಮೀಟರ್."

"ನಿನಗೇನು ತಲೆಗಿಲೆ ಕೆಟ್ಟಿದೆಯಾ? ಡಾಕ್ಟ್ರು ನಾಲ್ಕು ಅಂದಿದ್ದಾರೆ."

"ಡಾಕ್ಟ್ರಿಗೆ ಸೊಸೆ ಇಲ್ಲ ಅಂತ ಕಾಣುತ್ತೆ, ಬಿಡಿ."

ಗಂಡ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಮಡಚುವ ಕುರ್ಚಿ ಹಿಡಿದುಕೊಂಡು ತಾನು ಹಿಮ್ಮಡಿಯ ಹತ್ತಿರ, ಟ್ಯಾಂಕಿನ ಕೆಳಗೆ ಕಾಯುವುದು. ಸುಸ್ತಾದರೆ ಅವಳು ಅಲ್ಲೇ ಕೂತುಬಿಡುವುದು, ಚಿತ್ರ ಏನಾದರೂ ಆಗಲಿ.

ಭಾನುವಾರ ಸೊಸೆಯದು ಕೊನೆಯ ಅರ್ಧ ಪಾಳಿ, ಏಳರಿಂದ ಒಂದರವರೆಗೆ. ಅವಳು ಅತ್ತ ಹೋಗುತ್ತಲೇ ಮೀಟರಮ್ಮ ಇತ್ತ ಹೊರಟಳು. ಎರಡೂವರೆ ಗಂಟೆಯ ದಾರಿ, ಮೂರು ಗಂಟೆಯೇ ಹಿಡಿದರೂ ಹತ್ತೂವರೆಗೆ ಮನೆ. ಡಿಪೋ ರಸ್ತೆಯ ಮೂಲೆಯಲ್ಲಿ ಆಪ್‌ನ ಗುಂಡಿ ಒತ್ತಿ, ಫೋನನ್ನು ಚೀಲಕ್ಕೆ ಹಾಕಿ, ಕಣ್ಣು ನೆಲಕ್ಕೆ ಇಟ್ಟು ನಡೆದಳು. ಇಷ್ಟು ದಿನ ನಡೆದದ್ದೆಲ್ಲ ಮನೆ ಸುತ್ತಲಿನ ಬೀದಿಗಳಲ್ಲಿ, ತನ್ನ ಮೀಟರಿನ ಬೀದಿಗೆ ಕಾಲಿಟ್ಟದ್ದು ಎಂಟು ತಿಂಗಳ ಮೇಲೆ ಇದೇ ಮೊದಲು.

ಇಪ್ಪತ್ತು ಹೆಜ್ಜೆ ಹೋಗಿರಲಿಕ್ಕಿಲ್ಲ, ಅವಳಿಗೇ ತಿಳಿಯದಂತೆ ಕಾಲು ಬಲಕ್ಕೆ ತಿರುಗಿತು, ಕೈ ಚಿಲಕ ತೆಗೆಯಿತು, ಬಾಯಿ "ಮೀಟರ್!" ಎಂದು ಕೂಗಿತು. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಬಾಗಿಲು ತೆರೆದು ಆ ಮನೆಯ ನಿವೃತ್ತ ನರ್ಸಮ್ಮ ಹೊರಗೆ ಬಂದಳು.

"ಅಯ್ಯೋ ಮೀಟರಮ್ಮ! ನೀವು ಹಾಸಿಗೆ ಹಿಡಿದ್ರಿ, ಇನ್ನು ಏಳಲ್ಲ ಅಂದಿದ್ರಲ್ಲ ಎಲ್ಲರೂ! ಯಾವ ಡಾಕ್ಟ್ರು ಎಬ್ಬಿಸಿದ್ದು?"

"ಡಾಕ್ಟ್ರಲ್ಲ. ನನ್ನ ಸೊಸೆ ಎಬ್ಬಿಸಿದ್ದು," ಎಂದಳು ಮೀಟರಮ್ಮ.

ಎಷ್ಟು ಸಲೀಸಾಗಿ ಬಂತು! ಅವಳಿಗೇ ಆಶ್ಚರ್ಯವಾಯಿತು. ಎಂಟು ತಿಂಗಳು ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಪರರ ಮನೆಯ ಗೇಟಿನೊಳಗೆ ನಿಂತು ನೀರಿನಂತೆ ಹರಿಯಿತು. ಮೈ ತೊಳೆದದ್ದು, ಓಟ ಬಿಟ್ಟದ್ದು, ಕುರ್ಚಿಯ ಕಾಲು, ಎಲ್ಲ ಹೇಳಿದಳು. ನರ್ಸಮ್ಮ ಕಣ್ಣೊರೆಸಿಕೊಂಡಳು. ಮೀಟರಮ್ಮನಿಗೆ ಹೊಟ್ಟೆ ತಣ್ಣಗಾಯಿತು.

ಮುಂದೆ ನಡೆದಳು. ಮುಂದಿನ ಕೆಲವು ಮನೆಗಳಲ್ಲಿ ಗೇಟು ತೆಗೆದದ್ದು ಅಭ್ಯಾಸಬಲದಿಂದ ಎನ್ನೋಣ. ಆದರೆ ಆಮೇಲೆ ಸುಳ್ಳು ಹೇಳುವುದು ಬೇಡ, ಆಮೇಲೆ ಅವಳು ಬೇಕೆಂದೇ ನುಗ್ಗಿದಳು. ಡಿಪೋ ರಸ್ತೆಯ ಬೇಕರಿಯವನಿಗೆ ಹೇಳಿದಳು, ಮೈದಾನದ ಪಕ್ಕದ ಪೆನ್ಶನ್ ಮೇಷ್ಟ್ರಿಗೆ ಹೇಳಿದಳು, ಕುಂಡ ಇಟ್ಟದ್ದಕ್ಕೆ ತಾನು ಹತ್ತು ವರ್ಷ ಬೈದಿದ್ದ ಹೆಂಗಸಿಗೂ ಹೇಳಿದಳು. ಆ ಹೆಂಗಸು ಅವಳನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಮೊಣಕಾಲು ನೀವಿ ಕಳಿಸಿದಳು. ತನ್ನನ್ನು ಇಷ್ಟು ಜನ ನೆನಪಿಟ್ಟುಕೊಂಡಿದ್ದಾರೆ ಎಂದು ಮೀಟರಮ್ಮನಿಗೆ ಕನಸಿನಲ್ಲೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅವಳ ಮನಸ್ಸು ಯಾರು ಯಾರಿಗೋ ಕೈ ಮುಗಿಯುತ್ತಿತ್ತು.

ಟ್ಯಾಂಕಿನ ಕೆಳಗೆ ಗಂಡ ಮಡಚುವ ಕುರ್ಚಿಯ ಮೇಲೆ ತಾನೇ ಕೂತು ನಿದ್ದೆ ಹೋಗಿದ್ದ. ಎಬ್ಬಿಸಿದಾಗ ಗಡಿಯಾರ ನೋಡಿ ಹೌಹಾರಿದ. "ಹನ್ನೆರಡೂಮುಕ್ಕಾಲು ಆಯ್ತಲ್ಲೇ! ಎಲ್ಲಿ ಹೋಗಿದ್ದೆ?"

"ಇಲ್ಲೇ, ದಾರಿಲೇ ಇದ್ದೆ," ಎಂದಳು. ಸೊಂಟ ಸುಡುತ್ತಿತ್ತು. ಕುರ್ಚಿ ಖಾಲಿಯಾಗಿಯೇ ಇತ್ತು, ಆದರೆ ಕೂತರೆ ಮತ್ತೆ ಏಳಲಾರೆ ಎಂದು ಗೊತ್ತಿದ್ದುದರಿಂದ ಕೂರಲಿಲ್ಲ. ಹಲ್ಲು ಕಚ್ಚಿಕೊಂಡು ಹಿಮ್ಮಡಿ ಇಳಿದು ಡಿಪೋ ಮೂಲೆಗೆ ಸೇರಿ ಗೆರೆ ಮುಗಿಸಿದಳು.

ಮನೆಗೆ ಬಂದಾಗ ಒಂದೂವರೆ. ಬಾಗಿಲಲ್ಲೇ ಸೊಸೆ ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. "ಎಲ್ಲಿಗೆ ಹೋಗಿದ್ರಿ ಅತ್ತೆ? ಫೋನ್ ಮಾಡಿದ್ರೆ ಎತ್ತಲ್ಲ, ಮಾವನ ಫೋನ್ ನೋಡಿದ್ರೆ ಮನೇಲೇ ಇದೆ! ಬಿದ್ರೇನೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು!" ಆ ಮನೆಗೆ ಬಂದ ನಾಲ್ಕು ವರ್ಷದಲ್ಲಿ ಸೊಸೆ ದನಿ ಎತ್ತಿದ್ದು ಅದೇ ಮೊದಲು.

ಮೀಟರಮ್ಮ ಕೂತು, ಚೀಲದಿಂದ ಫೋನು ತೆಗೆದು ಅವಳ ಕೈಗಿಟ್ಟಳು. "ನಿನಗೆ ಅಂತ ನಡೆದೆ. ನೋಡು."

ಸೊಸೆ ನೋಡಿದಳು. ಅವಳ ಮುಖದಲ್ಲೇನೂ ಕಾಣದಿದ್ದಾಗ ಮೀಟರಮ್ಮ ತಾನೂ ಬಗ್ಗಿ ನೋಡಿದಳು. ಬೆಳಗಿನಿಂದ ಅವಳು ಪರದೆ ನೋಡಿದ್ದು ಇದೇ ಮೊದಲು. ಬೂಟೇನೋ ಇತ್ತು. ಅಡಿ, ಹಿಮ್ಮಡಿ, ಮೂರು ದಾರ, ಎಲ್ಲವೂ ಇದ್ದವು. ಆದರೆ ಸುತ್ತಲೂ ಮುಳ್ಳು. ಹೊಕ್ಕ ಒಂದೊಂದು ಗೇಟಿಗೂ ಗೆರೆ ಬೀದಿಯಿಂದ ಹೊರಗೆ ಚಾಚಿ ವಾಪಸ್ ಬಂದಿತ್ತು. ಬೂಟಿಗೆ ಮೈತುಂಬ ಕೂದಲು ಬೆಳೆದು ಅದೊಂದು ಕಂಬಳಿಹುಳುವಾಗಿತ್ತು.

"ಹಾಳಾಯ್ತು," ಎಂದಳು ಮೀಟರಮ್ಮ. "ನಿನ್ನ ಬೂಟು ಬಿಡಿಸೋಣ ಅಂತ ಹೋದೆ. ಈ ಹಾಳು ಕಾಲು ಗೇಟು ಕಂಡಲ್ಲೆಲ್ಲ ಒಳಗೆ ಹೋಯ್ತು. ಕೊಡು ಇಲ್ಲಿ, ಅಳಿಸಿಬಿಡ್ತೀನಿ."

ಸೊಸೆ ಕೊಡಲಿಲ್ಲ. ಎರಡು ಬೆರಳಿಂದ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದಳು. ಇಂಥ ಗೆರೆಗಳನ್ನು ಓದಿ ಅವಳಿಗೆ ಚೆನ್ನಾಗಿ ಅಭ್ಯಾಸವಿತ್ತು. "ಅತ್ತೆ, ಬರೀ ಹೋಗಿ ಬಂದಿದ್ರೆ ಗೆರೆ ಚೂಪಾಗಿ ಇರ್ತಿತ್ತು. ಇಲ್ಲಿ ಪ್ರತಿಯೊಂದರ ತುದೀಲೂ ಗಂಟು ಇದೆ. ಒಂದೇ ಕಡೆ ನಿಂತ್ರೆ ಜಿಪಿಎಸ್ ಹೀಗೆ ಗಂಟು ಕಟ್ಟುತ್ತೆ. ಐದು ನಿಮಿಷ, ಹತ್ತು ನಿಮಿಷ ನಿಂತಿದ್ದೀರಿ." ಎಣಿಸಿದಳು. "ಇಪ್ಪತ್ತೊಂಬತ್ತು ಮನೆ! ಇಷ್ಟು ಮನೇಲಿ ನಿಂತು ಏನು ಹೇಳಿದ್ರಿ? ನನ್ನ ಮೇಲೆ ದೂರಾ?"

ಕೊನೆಯ ಮಾತನ್ನು ಅವಳು ತಮಾಷೆಗೆ ಅಂದದ್ದು. ಆದರೆ ಪೂರ್ತಿ ತಮಾಷೆಯಾಗಿ ಕೇಳಿಸಲಿಲ್ಲ. ಮೀಟರಮ್ಮ ಬಾಯಿ ತೆರೆದಳು. ಗಂಡ ಬಾಗಿಲ ಬಳಿ ಮಡಚಿದ ಕುರ್ಚಿ ಹಿಡಿದು ಹಾಗೇ ನಿಂತಿದ್ದ. ಈಗ ಸಕ್ಕರೆ ಕಮ್ಮಿ ಅನ್ನುತ್ತಾಳೆ ನೋಡು ಎಂಬ ಭಯ ಅವನ ಮುಖದಲ್ಲಿತ್ತು.

ಮೀಟರಮ್ಮ ಸೊಸೆಯ ಮುಖ ನೋಡಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಮೀಟರ್ ಓದುವಾಗ ಬಗ್ಗುವಂತೆ ಫೋನಿನ ಮೇಲೆ ಬಗ್ಗಿ, ಮೊದಲ ಗಂಟಿನ ಮೇಲೆ ಬೆರಳಿಟ್ಟಳು.

"ಇದು ನರ್ಸಮ್ಮನ ಮನೆ. ಇಲ್ಲಿ ಹೇಳಿದೆ, ನನ್ನ ಸೊಸೆ ನನ್ನ ಎಬ್ಬಿಸಿದಳು ಅಂತ."

ಬೆರಳು ಮುಂದಿನ ಗಂಟಿಗೆ ಹೋಯಿತು. "ಇಲ್ಲೂ ಅದನ್ನೇ ಹೇಳಿದೆ. ಅವಳಿಲ್ಲದಿದ್ರೆ ಇನ್ನೂ ಮಂಚದ ಮೇಲೇ ಇರ್ತಿದ್ದೆ ಅಂತ."

"ಅತ್ತೆ..."

"ಇಲ್ಲಿ ಬೇಕರಿ. ನನ್ನ ಬೇಸಿನ್ ಎತ್ತುವಾಗ ಒಂದು ದಿನ ಮುಖ ಸಿಂಡರಿಸಲಿಲ್ಲ ಅಂತ ಹೇಳಿದೆ. ಪಾಪ, ಅವನು ಏನೋ ತಿಂತಾ ಇದ್ದ. ಇಲ್ಲಿ ಮೇಷ್ಟ್ರು, ಅವರಿಗೆ ಕಿವಿ ಕೇಳಲ್ಲ, ಎರಡು ಸಲ ಹೇಳಿದೆ. ಈ ಮನೇಲಿ ಯಾರೂ ಇರಲಿಲ್ಲ, ನಾಯಿಗೆ ಹೇಳಿದೆ."

ಸೊಸೆ ನಗಲು ಹೋದಳು, ನಗು ಅರ್ಧಕ್ಕೇ ಅಳುವಾಯಿತು. ಅತ್ತೆಯ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಸಾಕು ಅತ್ತೆ. ಗೊತ್ತಾಯ್ತು, ಸಾಕು."

ಮೀಟರಮ್ಮನ ಕಣ್ಣಿಂದಲೂ ನೀರು ಇಳಿಯುತ್ತಿತ್ತು. ಕೈ ಬಿಡಿಸಿಕೊಂಡು, ಪರದೆಯ ಮೇಲೆ ಬಿದ್ದ ಹನಿಯನ್ನು ಸೆರಗಿನಿಂದ ಒರೆಸಿ, ಬೆರಳನ್ನು ಮುಂದಿನ ಗಂಟಿನ ಮೇಲೆ ಇಟ್ಟಳು.

"ಸುಮ್ನಿರು, ಇನ್ನೂ ಇಪ್ಪತ್ನಾಲ್ಕು ಮನೆ ಇದೆ."